ಜಪಾನಿ ಹಾಟ್ ಪಾಟ್: ರೋಗಿಗಳು ಮತ್ತು ಆರೈಕೆದಾರರು ತಿಳಿದಿರಬೇಕಾದದ್ದು

ನವಿ ಮುಂಬಯಿಯ ವಾಶಿಯಂಥ ಉಪನಗರಗಳಲ್ಲಿ ಉಡುಪಿ ಹೋಟೆಲುಗಳ ಜೊತೆಗೆ ಪೂರ್ವ ಏಷ್ಯಾದ ಅಡುಗೆಯೂ ಈಗ ಪರಿಚಿತ. ಮನೆಯಲ್ಲಿ ಮಧುಮೇಹ, ರಕ್ತದೊತ್ತಡ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿದ್ದರೆ ಅವರನ್ನು ಬಿಟ್ಟು ಹೋಗಬೇಕೆಂದಿಲ್ಲ. ಕೆಲವು ವಿಷಯ ಮೊದಲೇ ತಿಳಿದಿದ್ದರೆ ಸಾಕು.

ಹಾಟ್ ಪಾಟ್ ಎಂದರೇನು?

ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ತರಕಾರಿ, ಅಣಬೆ, ತೋಫು, ಮಾಂಸ ಅಥವಾ ಮೀನನ್ನು ಬೇಯಿಸಿಕೊಂಡು ತಿನ್ನುವ ಊಟ. ಜಪಾನಿನಲ್ಲಿ ಇದಕ್ಕೆ ‘ನಾಬೆ’ ಎನ್ನುತ್ತಾರೆ. ‘ಶಾಬು ಶಾಬು’ವಿನಲ್ಲಿ ತೆಳುವಾದ ಮಾಂಸವನ್ನು ತಿಳಿಸಾರಿನಲ್ಲಿ ಅದ್ದಿ ಬೇಯಿಸುತ್ತಾರೆ. ‘ಸುಕಿಯಾಕಿ’ಯಲ್ಲಿ ಸೋಯಾ ಸಾಸ್ ಮತ್ತು ಸಕ್ಕರೆ ಸೇರಿರುತ್ತದೆ, ಹಸಿ ಮೊಟ್ಟೆಯಲ್ಲಿ ಅದ್ದಿ ತಿನ್ನುವುದು ರೂಢಿ.

ಸಸ್ಯಾಹಾರಿಗಳು ಗಮನಿಸಿ: ‘ದಾಶಿ’ ಎಂಬ ಸಾರನ್ನು ಸಾಮಾನ್ಯವಾಗಿ ಒಣ ಮೀನಿನಿಂದ ಮಾಡುತ್ತಾರೆ. ಕೇವಲ ಕೊಂಬು ಎಂಬ ಕಡಲಕಳೆಯ ಸಾರು ಇದೆಯೇ ಎಂದು ಕೇಳಿ.

ಯಾರು ಎಚ್ಚರ ವಹಿಸಬೇಕು?

• ರಕ್ತದೊತ್ತಡ, ಹೃದ್ರೋಗ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸಾಸನ್ನು ಬಟ್ಟಲಲ್ಲಿ ಬೇರೆಯಾಗಿ ತರಿಸಿ, ತುದಿ ಮಾತ್ರ ಅದ್ದಿ.

• ಮೂತ್ರಪಿಂಡದ ಕಾಯಿಲೆ: ತರಕಾರಿ ಬೆಂದಾಗ ಅದರ ಪೊಟ್ಯಾಸಿಯಂ ಸಾರಿಗೆ ಇಳಿಯುತ್ತದೆ. ಆದ್ದರಿಂದ ಕೊನೆಯಲ್ಲಿ ಉಳಿದ ಸಾರನ್ನು ಕುಡಿಯಬೇಡಿ. ಡಯಾಲಿಸಿಸ್‌ನಲ್ಲಿರುವವರಿಗೆ ಸಾರು ಕೂಡ ದಿನದ ನೀರಿನ ಲೆಕ್ಕಕ್ಕೆ ಸೇರುತ್ತದೆ.

• ಮಧುಮೇಹ: ಈ ಊಟ ನಿಧಾನವಾಗಿ ಸಾಗುತ್ತದೆ, ಅನ್ನ ಅಥವಾ ಉಡೋನ್ ಶಾವಿಗೆ ಬರುವುದು ಕೊನೆಗೆ. ಊಟದ ಇನ್ಸುಲಿನ್ ಅನ್ನು ಮೊದಲೇ ತೆಗೆದುಕೊಂಡರೆ ಅನ್ನ ಬರುವ ಮುನ್ನವೇ ಸಕ್ಕರೆ ಕುಸಿಯಬಹುದು. ಸಮಯದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ, ಸ್ವಲ್ಪ ಅನ್ನವನ್ನು ಆರಂಭದಲ್ಲೇ ತರಿಸಿ. ನಡುಕ, ಬೆವರು ಕಂಡರೆ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ 3 ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷದ ಬಳಿಕ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

• ಥೈರಾಯ್ಡ್: ಕೊಂಬುವಿನಲ್ಲಿ ಅಯೋಡಿನ್ ಅತಿ ಹೆಚ್ಚು. ಸಾರು ಕುಡಿಯುವುದನ್ನು ಮಿತಿಗೊಳಿಸಿ.

• ಅಲರ್ಜಿ: ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಎಳ್ಳಿನ ಸಾಸ್ ಕೂಡ ಬರುತ್ತದೆ. ಒಬ್ಬರು ಸೀಗಡಿ ಹಾಕಿದರೆ ಇಡೀ ಪಾತ್ರೆಗೆ ಅದು ಸೇರಿದಂತೆ. ಅಲರ್ಜಿ ಇರುವವರಿಗೆ ಬೇರೆ ಪಾತ್ರೆಯೇ ಬೇಕು.

• ಗರ್ಭಿಣಿಯರು, ಕೀಮೋಥೆರಪಿ ಪಡೆಯುವವರು, ಅಂಗ ಕಸಿಯಾದವರು, ವೃದ್ಧರು, ಚಿಕ್ಕ ಮಕ್ಕಳು: ಹಸಿ ಮೊಟ್ಟೆ, ಹಸಿ ಮೀನು, ಅರೆಬೆಂದ ಮಾಂಸ ಬೇಡ. ಎನೋಕಿ ಅಣಬೆಯನ್ನೂ ಪೂರ್ತಿ ಬೇಯಿಸಿ.

ಸುರಕ್ಷಿತವಾಗಿ ತಿನ್ನುವುದು ಹೇಗೆ?

1. ಹಸಿ ಮಾಂಸ ಹಾಕಲು ಒಂದು ಚಿಮುಟ, ತಿನ್ನಲು ಬೇರೆ ಕಡ್ಡಿ ಬಳಸಿ.
2. ಮಾಂಸ ಹಾಕಿದ ಮೇಲೆ ಸಾರು ಮತ್ತೆ ಕುದಿಯುವವರೆಗೆ ಕಾಯಿರಿ. ಕೋಳಿಮಾಂಸದ ಒಳಗೆ ಕೆಂಪು ಉಳಿಯಬಾರದು.
3. ಬಿಸಿ ತುಂಡನ್ನು ಬಟ್ಟಲಲ್ಲಿ ಆರಿಸಿ ತಿನ್ನಿ. ಮಕ್ಕಳನ್ನು ಪಾತ್ರೆಯಿಂದ ದೂರ ಕೂರಿಸಿ.
4. ಮೋಚಿ ಎಂಬ ಅಂಟಾದ ಅಕ್ಕಿ ಉಂಡೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟವಿರುವ ಹಿರಿಯರಿಗೆ ಕೊಡಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?

ತುಟಿ, ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅಥವಾ ಪ್ರಜ್ಞೆ ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಊಟದ ನಂತರದ ದಿನಗಳಲ್ಲಿ ರಕ್ತ ಬೆರೆತ ಭೇದಿ, ಹೆಚ್ಚು ಜ್ವರ, ನಿಲ್ಲದ ವಾಂತಿ ಅಥವಾ ಮೂತ್ರ ಕಡಿಮೆಯಾಗುವುದು ಕಂಡರೆ ಅದೇ ದಿನ ವೈದ್ಯರನ್ನು ಕಾಣಿರಿ. ಏನು ತಿಂದಿರಿ ಎಂಬುದನ್ನೂ ಹೇಳಿ.

ತರಕಾರಿ, ತೋಫು, ಅಣಬೆ ತುಂಬಿದ ಈ ಊಟದಲ್ಲಿ ಎಣ್ಣೆ ಕಡಿಮೆ. ಎಷ್ಟು, ಯಾವುದು ಎಂದು ಪ್ರತಿಯೊಬ್ಬರೂ ತಾವೇ ಆರಿಸಿಕೊಳ್ಳಬಹುದು. ಪಥ್ಯದಲ್ಲಿರುವವರೂ ಮನೆಯವರ ಜೊತೆ ಒಂದೇ ಮೇಜಿನಲ್ಲಿ ಕೂತು ಉಣ್ಣಬಹುದು.