ಹರೆಯ, ಜನಪದ ಮತ್ತು ಪ್ರಭುತ್ವ: ಹದಿಹರೆಯದವರ ಆರೋಗ್ಯಸೇವೆಗಳ ಚಾರಿತ್ರಿಕ ಅವಲೋಕನ

ಬಾಲ್ಯ ಮತ್ತು ದಾಂಪತ್ಯಗಳ ನಡುವಿನ ವಯಸ್ಸನ್ನು ಕನ್ನಡ ಜನಪದರು ಸೂಕ್ಷ್ಮವಾಗಿ ಗುರುತಿಸಿದ್ದಾರೆ. ಹುಡುಗಿ 'ನೆರೆದಳು', 'ಮೈನೆರೆದಳು', 'ದೊಡ್ಡವಳಾದಳು' ಎಂಬ ಮಾತುಗಳು ಕೇವಲ ಸುದ್ದಿಯನ್ನು ಹೇಳುವುದಿಲ್ಲ. ಆಕೆಯ ಆಹಾರ, ವಿಶ್ರಾಂತಿ, ಚಲನವಲನಗಳ ಬಗೆಗೆ ಬಂಧುಬಳಗ ವಹಿಸಬೇಕಾದ ಹೊಣೆಯನ್ನೂ ಸೂಚಿಸುತ್ತವೆ. ಆಧುನಿಕ ಪ್ರಭುತ್ವವು ಇದೇ ವಯಸ್ಸನ್ನು ತನ್ನ ಆರೋಗ್ಯನೀತಿಯ ವ್ಯಾಪ್ತಿಗೆ ಹೇಗೆ ತಂದುಕೊಂಡಿತು, ಈ ಕ್ರಮದಲ್ಲಿ ಯಾರು ಹೊರಗುಳಿದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳೆಯ ಮೈಸೂರು ಸೀಮೆಯಲ್ಲಿ ಸೋದರಮಾವನು ಹಸಿರು ಸೊಪ್ಪಿನಿಂದ ಗುಡ್ಲು ಹಾಕುವುದು, ಹುಡುಗಿಗೆ ಎಳ್ಳು ಬೆಲ್ಲದ ಚಿಗಳಿ, ಕೊಬ್ಬರಿ, ತುಪ್ಪಗಳನ್ನು ತಿನ್ನಿಸುವುದು, ಮುತ್ತೈದೆಯರು ಆರತಿ ಎತ್ತಿ ಸೋಬಾನೆ ಹಾಡುವುದು ರೂಢಿ. ಹಾಡಿನ ನಡುವಣ ಹಾಸ್ಯ, ಕೀಟಲೆಗಳಲ್ಲಿ ಹಿರಿಯ ಹೆಂಗಸರು ದೇಹದ ತಿಳಿವಳಿಕೆಯನ್ನೂ ದಾಟಿಸುತ್ತಿದ್ದರು. ಆದರೆ ಈ ಆಚರಣೆಗೆ ಎರಡು ಮುಖಗಳಿವೆ. ಒಂದು ಪೋಷಣೆ, ಇನ್ನೊಂದು ಸೂತಕ. ಪೌಷ್ಟಿಕ ಆಹಾರ ಕೊಡುವ ಕೈಯೇ ಹುಡುಗಿಯನ್ನು ಮನೆಯಿಂದ ಹೊರಗಿಡುತ್ತದೆ. ಮೇಲಾಗಿ, ಆಕೆ ಮದುವೆಗೆ ಸಿದ್ಧಳೆಂಬುದನ್ನು ಊರಿಗೆ ಸಾರುವುದೂ ಈ ಆಚರಣೆಯ ಉದ್ದೇಶವಾಗಿತ್ತು. ಪೋಷಣೆ ಸಲ್ಲುತ್ತಿದ್ದುದು ಹುಡುಗಿಗಲ್ಲ, ನಾಳಿನ ತಾಯಿಗೆ.

ಪ್ರಭುತ್ವವು ಈ ವಯಸ್ಸನ್ನು ಪ್ರವೇಶಿಸಿದ್ದೂ ಮದುವೆಯ ಬಾಗಿಲಿನಿಂದಲೇ. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. 1929ರ ಶಾರದಾ ಕಾಯಿದೆಯು ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಯರ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ನಿಗದಿಪಡಿಸಿತು. 1930ರಲ್ಲಿ ಮೈಸೂರು ಸರ್ಕಾರವು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಯಿತು. ಇವೆಲ್ಲವೂ ತಮ್ಮ ಕಾಲಕ್ಕೆ ಮುನ್ನಡೆಯ ಕ್ರಮಗಳೇ. ಆದರೆ ಇವುಗಳ ಗಮನವಿದ್ದುದು ವಧುವಿನ ಮೇಲೆ ಮತ್ತು ತಾಯಿಯ ಮೇಲೆ.

ಸ್ವಾತಂತ್ರ್ಯಾನಂತರವೂ ಈ ದೃಷ್ಟಿ ಮುಂದುವರಿಯಿತು. ಭಾರತ ಸರ್ಕಾರವು 1970ರಲ್ಲಿ ಆರಂಭಿಸಿದ ರಕ್ತಹೀನತೆ ತಡೆ ಕಾರ್ಯಕ್ರಮವು ಮುಖ್ಯವಾಗಿ ಗರ್ಭಿಣಿಯರು, ಬಾಣಂತಿಯರು ಮತ್ತು ಎಳೆಯ ಮಕ್ಕಳನ್ನು ಉದ್ದೇಶಿಸಿತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಕರ್ನಾಟಕದ ತಿರುಮಕೂಡಲು ನರಸೀಪುರವೂ ಸೇರಿತ್ತು. ಅಂಗನವಾಡಿಯ ಪೂರಕ ಆಹಾರವು ಆರು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ದೊರೆಯುತ್ತಿತ್ತು. ಆರು ತುಂಬಿ ಅಂಗನವಾಡಿಯ ಹೊಸ್ತಿಲು ದಾಟಿದ ಹುಡುಗಿ ಮತ್ತೆ ಅಲ್ಲಿನ ಆಹಾರಕ್ಕೆ ಅರ್ಹಳಾಗುತ್ತಿದ್ದುದು ಗರ್ಭಿಣಿಯಾದಾಗಲೇ. ಮೈ ಬೆಳೆಯುವ ವರ್ಷಗಳು ಯೋಜನೆಯ ಕಣ್ಣಿಗೆ ಬೀಳಲಿಲ್ಲ.

ಈ ಕೊರತೆ ತುಂಬಿದ್ದು ನಿಧಾನವಾಗಿ. 1991ರಲ್ಲಿ ಶಾಲೆ ಬಿಟ್ಟ ಕಿಶೋರಿಯರಿಗಾಗಿ ಇದೇ ಯೋಜನೆಯೊಳಗೆ ವಿಶೇಷ ಕಾರ್ಯಕ್ರಮ ಸೇರಿತು. 2000ದ ರಾಷ್ಟ್ರೀಯ ಜನಸಂಖ್ಯಾ ನೀತಿಯು ಹದಿಹರೆಯದವರನ್ನು ಸೇವೆಗಳಿಂದ ವಂಚಿತರಾದ ಸಮೂಹವೆಂದು ಗುರುತಿಸಿತು. ಮುಂದೆ ಆಸ್ಪತ್ರೆಗಳಲ್ಲಿ ಅವರಿಗೆಂದೇ ಆಪ್ತಸಮಾಲೋಚನೆಯ ಚಿಕಿತ್ಸಾಲಯಗಳು ತೆರೆದವು. ಕರ್ನಾಟಕದಲ್ಲಿ ಇವಕ್ಕೆ 'ಸ್ನೇಹ' ಎಂಬ ಹೆಸರು. 2014ರ ಜನವರಿ 7ರಂದು ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 10ರಿಂದ 19 ವರ್ಷದ ಹುಡುಗ ಹುಡುಗಿಯರಿಬ್ಬರನ್ನೂ ಒಳಗೊಂಡು, ಪೌಷ್ಟಿಕತೆ, ಮಾನಸಿಕ ಆರೋಗ್ಯ, ಮಾದಕವಸ್ತು ಸೇವನೆ, ಹಿಂಸೆ ಮೊದಲಾದ ವಿಷಯಗಳನ್ನೂ ಸೇರಿಸಿಕೊಂಡಿತು.

ಇಲ್ಲಿ ಹುಡುಗರ ವಿಷಯ ವಿಶೇಷವಾಗಿ ಗಮನಾರ್ಹ. ಹೆಣ್ಣು ನೆರೆದುದಕ್ಕೆ ಹಾಡು, ಆರತಿ, ಆಹಾರಗಳುಂಟು. ಗಂಡು ಹರೆಯಕ್ಕೆ ಬಂದುದಕ್ಕೆ ಅಂತಹ ಆಚರಣೆಯಿಲ್ಲ. ಗರಡಿಮನೆ ಅವನ ಮೈಯನ್ನು ಹುರಿಗೊಳಿಸಿತೇ ಹೊರತು ಮನಸ್ಸಿನ ತಳಮಳಕ್ಕೆ ಮಾತು ಕೊಡಲಿಲ್ಲ. ಪ್ರಭುತ್ವದ ಯೋಜನೆಗಳೂ ದೀರ್ಘಕಾಲ ಇದೇ ಮೌನವನ್ನು ಪಾಲಿಸಿದವು.

ಹೀಗೆ ಪ್ರಭುತ್ವವು ಪರಂಪರೆಯ ಮಿತಿಗಳನ್ನು ತಿಳಿಯದೆಯೇ ಸ್ವೀಕರಿಸಿತು. ಅದರ ಬಲವನ್ನು, ಎಂದರೆ ನಂಬಿಕೆಯ ಹಿರಿಯರ ಬಾಯಿಂದ ತಿಳಿವಳಿಕೆ ದಾಟುವ ಕ್ರಮವನ್ನು, ಸ್ವೀಕರಿಸಲಿಲ್ಲ. 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಸಂಸ್ಕೃತಿಯ ಹೆಸರಿನಲ್ಲಿ ತಡೆಹಿಡಿದವು. ಸೋಬಾನೆ ಹಾಡುವ ಹೆಂಗಸರ ನಡುವೆ ಸಲ್ಲುತ್ತಿದ್ದ ಮಾತು ಶಾಲೆಯ ಕೋಣೆಯಲ್ಲಿ ಸಲ್ಲದಾಯಿತೆಂಬುದು ನಮ್ಮ ಸಂಸ್ಕೃತಿಯ ಚರಿತ್ರೆಯ ಒಂದು ವಿಪರ್ಯಾಸ.

ಹಾಗೆಂದು ಪರಂಪರೆಯನ್ನು ಇಡಿಯಾಗಿ ಎತ್ತಿಹಿಡಿಯುವುದು ಜಾನಪದ ಅಧ್ಯಯನದ ಕೆಲಸವಲ್ಲ. ಮುಟ್ಟಾದವರನ್ನು ಬಲವಂತವಾಗಿ ಹೊರಗಿಡುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯಿದೆ ಅಪರಾಧವೆಂದು ಸಾರಿರುವುದು ಯುಕ್ತವೇ ಆಗಿದೆ. ಆದರೆ ಗುಡ್ಲು ಕಿತ್ತರೆ ಸಾಲದು, ಚಿಗಳಿಯ ಜಾಗಕ್ಕೆ ಅನ್ನ ಬರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯ ಪ್ರಮಾಣ 2015-16ರಲ್ಲಿ ಶೇಕಡಾ 54.1 ಇದ್ದುದು 2019-21ರಲ್ಲಿ ಶೇಕಡಾ 59.1ಕ್ಕೆ ಏರಿತು. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮ ಆರಂಭವಾದ ಅನಂತರದ ಅಂಕಿಗಳಿವು. ಮಾತ್ರೆ ಊರನ್ನು ತಲುಪಿದರೂ ಅದರ ಅಗತ್ಯವನ್ನು ಹುಡುಗಿಯ ಮಾತಿನಲ್ಲಿ ಹೇಳುವ ಹಿರಿಯರು ಜೊತೆಗಿಲ್ಲದಿದ್ದರೆ ಅದು ಚೀಲದಲ್ಲಿಯೇ ಉಳಿಯಬಹುದು. ಪರಂಪರೆಯಲ್ಲಿನ ಸೂತಕವನ್ನು ಬಿಟ್ಟು ಪೋಷಣೆಯನ್ನು ಬೇರ್ಪಡಿಸಿ ತೋರಿಸುವುದು, ಆ ಪೋಷಣೆಗೆ ಹುಡುಗನೂ ಬಾಧ್ಯನೆಂದು ನೆನಪಿಸುವುದು ಈ ಕ್ಷೇತ್ರದ ಸಂಶೋಧಕರ ಮುಂದಿರುವ ಹೊಣೆ.