ಮದುವೆಗೆ ಸರ್ಕಾರದ ಅಪ್ಪಣೆ

ಸಖಿಯರೇ, ಕಾತ್ರಜದಿಂದ ದಿನವೂ ಹಿಂಜವಡಿಗೆ, ಹಡಪಸರಕ್ಕೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಮೊನ್ನೆ ಸಂದರ್ಶನ ಮುಗಿಸಿ ಬಂದ ನನ್ನ ತಂಗಿಯ ಮಗಳು, “ದೊಡ್ಡಮ್ಮಾ, ಮದುವೆ ಯಾವಾಗ ಅಂತ ಕೇಳಿದ್ರು. ಜೊತೆಗೆ ಬಂದಿದ್ದ ಹುಡುಗನಿಗೆ ಕೇಳಲೇ ಇಲ್ಲ” ಎಂದಳು. ಈ ಪ್ರಶ್ನೆ ಹೊಸದಲ್ಲ. ಒಂದು ಕಾಲದಲ್ಲಿ ಅದು ಬರೀ ಪ್ರಶ್ನೆಯಾಗಿರಲಿಲ್ಲ, ನಿಯಮವೇ ಆಗಿತ್ತು.

ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು. ಮಡಿಕೇರಿ, ಮದರಾಸುಗಳಲ್ಲಿ ಓದಿ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆಯಾದರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಸೇರುವಾಗಲೇ ಅವರು ಬರೆದುಕೊಡಬೇಕಾಯಿತು. ಮುಂದೆ 1961ರ ನಿಯಮಗಳಂತೆ, ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ತೋರಿದರೆ, ಮದುವೆಯಾದ ಮೇಲೆ ರಾಜೀನಾಮೆ ಕೇಳಬಹುದಿತ್ತು. ಸಂಸಾರವಿದ್ದ ಗಂಡಸರಿಗೆ ಇಂಥ ಕಟ್ಟಳೆ ಇರಲಿಲ್ಲ.

ಮುತ್ತಮ್ಮ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆದರೂ ಮೇಲಿನ ದರ್ಜೆಯ ಬಡ್ತಿ ಕೈತಪ್ಪಿದಾಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು, ಆ ನಿಯಮಗಳನ್ನೂ ಕೈಬಿಡುವುದಾಗಿ ಹೇಳಿತು. ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ತಾರತಮ್ಯವನ್ನು ಕಟುವಾಗಿ ಖಂಡಿಸಿ, ಸೇವಾ ನಿಯಮಗಳನ್ನೆಲ್ಲ ತಿದ್ದಬೇಕೆಂದರು. ಮುತ್ತಮ್ಮನವರ ಹೋರಾಟದ ಫಲ ಅವರ ನಂತರ ಬಂದವರಿಗೂ ಸಿಕ್ಕಿತು.

ಇದು ದೊಡ್ಡ ಅಧಿಕಾರಿಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಮುಂಬಯಿಯ ಔಷಧಿ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳು ಮದುವೆಯಾದೊಡನೆ ಕೆಲಸ ಬಿಡಬೇಕಿತ್ತು. ಕಾರ್ಮಿಕ ಸಂಘ ಹೋರಾಡಿ, 1965ರಲ್ಲಿ ಸುಪ್ರೀಂ ಕೋರ್ಟಿನಿಂದ ಆ ನಿಯಮವನ್ನು ತೆಗೆಸಿತು. ಏರ್ ಇಂಡಿಯಾದ ಗಗನಸಖಿಯರು ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೂ, ಮೊದಲ ಸಲ ಬಸುರಾದರೂ ಮನೆಗೆ ಹೋಗಬೇಕಿತ್ತು. 1981ರಲ್ಲಿ ಕೋರ್ಟು ಬಸುರಿನ ನಿಯಮವನ್ನು ರದ್ದು ಮಾಡಿತು. ಮದುವೆಯ ನಿಯಮವನ್ನು ಮಾತ್ರ ಉಳಿಸಿತು. ಅಷ್ಟು ಕಾಲ ತಡೆದರೆ ಹುಡುಗಿಗೆ ಪ್ರಬುದ್ಧತೆ ಬರುತ್ತದೆ, ಕುಟುಂಬ ಯೋಜನೆಗೂ ಒಳ್ಳೆಯದು ಎಂಬುದು ಅದರ ವಾದ.

ಇಲ್ಲೇ ನಾವು ಎಚ್ಚರವಾಗಿರಬೇಕು. ಹೆಣ್ಣಿನ ಮದುವೆ, ಮೈ, ಬಸಿರಿನ ಮೇಲೆ ಹಿಡಿತ ಯಾವಾಗಲೂ ಬೆದರಿಕೆಯ ರೂಪದಲ್ಲೇ ಬರುವುದಿಲ್ಲ. “ನಿನ್ನ ಒಳ್ಳೆಯದಕ್ಕೇ” ಎಂಬ ಮಾತಿನಲ್ಲೂ ಬರುತ್ತದೆ. ಆ ಮಾತನ್ನು ಕಚೇರಿಗಳು ಮಾತ್ರವಲ್ಲ, ಮನೆಯಲ್ಲಿ ನಾವೂ ಆಡಿದ್ದೇವೆ.

ತಂಗಿಯ ಮಗಳಿಗೆ ಮುತ್ತಮ್ಮನವರ ಕಥೆ ಹೇಳಿದೆ. ಪೂರ್ತಿ ಕೇಳಿ, “ಮುಂದಿನ ಸಲ ಕೇಳಿದರೆ, ಆ ಹುಡುಗನಿಗೂ ಕೇಳ್ತೀರಾ ಅಂತ ಕೇಳ್ತೀನಿ” ಎಂದಳು. ಕೇಳಲಿ. ಕೆಲಸ ಸಿಗದೆ ಬಂದರೂ “ಸುಮ್ಮನಿರಬಾರದಿತ್ತಾ?” ಎಂದು ನಾವು ಅವಳನ್ನು ಗದರದಿದ್ದರೆ ಸಾಕು.