ಮನೆಯ ಫೋನ್: ತಾಮ್ರದ ತಂತಿಯ ನಂತರ

ಭಾರತದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ಶುರುವಾದದ್ದು 1882ರಲ್ಲಿ, ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ. ನೂರು ವರ್ಷ ಕಳೆದರೂ ಮನೆಗೊಂದು ಫೋನ್ ಎಂಬುದು ಉಳ್ಳವರ ಮಾತಾಗಿಯೇ ಉಳಿದಿತ್ತು. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಳ್ಳಿಗಳ ಪಾಲಿಗೆ ಬಾಗಿಲು ತೆರೆದದ್ದು 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್. ಏರ್‌ಕಂಡೀಷನ್ ಬೇಡದ, ಧೂಳು ಸೆಕೆಗಳಿಗೆ ಜಗ್ಗದ ಅದರ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಕಿತ್ತೂರಿನಲ್ಲಿ.

ಹಳೆಯ ಲ್ಯಾಂಡ್‌ಲೈನಿನ ದೊಡ್ಡ ಗುಣ ಕಣ್ಣಿಗೆ ಕಾಣುವಂಥದ್ದಲ್ಲ. ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ ಅದೇ ತಾಮ್ರದ ಜೋಡಿ ತಂತಿಯಲ್ಲಿ ಹರಿದು ಬರುತ್ತಿತ್ತು. ಹಾಗಾಗಿ ಊರೆಲ್ಲ ಕರೆಂಟ್ ಹೋದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳಿಸುತ್ತಿತ್ತು. ಅದರ ದೌರ್ಬಲ್ಯವೂ ಆ ತಂತಿಯೇ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮರ ಬಿದ್ದು, ನಗರದಲ್ಲಿ ರಸ್ತೆ ಅಗೆದು ಲೈನ್ ಡೆಡ್ ಆದರೆ ಲೈನ್‌ಮ್ಯಾನ್ ಬರುವ ತನಕ ಮೌನ.

ತಂತಿಯನ್ನೇ ಬಿಡುವ ಮೊದಲ ಪ್ರಯತ್ನ ವೈರ್‌ಲೆಸ್ ಲೋಕಲ್ ಲೂಪ್, ಜನರ ಬಾಯಲ್ಲಿ ಡಬ್ಲ್ಯೂಎಲ್‌ಎಲ್. 1990ರ ದಶಕದಲ್ಲಿ ಐಐಟಿ ಮದ್ರಾಸಿನ ಅಶೋಕ್ ಝುನ್‌ಝುನ್‌ವಾಲಾ ತಂಡ ಇದಕ್ಕೆಂದೇ ಕಾರ್‌ಡೆಕ್ಟ್ ತಂತ್ರಜ್ಞಾನ ರೂಪಿಸಿತು. ಆಮೇಲೆ ಸಿಡಿಎಂಎ ಎಂಬ ಮೊಬೈಲ್ ತಂತ್ರಜ್ಞಾನದ ಸೆಟ್‌ಗಳು ಬಂದವು. ನೋಡಲು ಮೇಜಿನ ಫೋನ್, ಬೆನ್ನಿಗೊಂದು ಆಂಟೆನಾ, ಒಳಗೊಂದು ಬ್ಯಾಟರಿ. ಯೋಚನೆ ಒಳ್ಳೆಯದೇ ಇತ್ತು, ಆಯುಸ್ಸು ಇರಲಿಲ್ಲ. ಸಿಡಿಎಂಎ ಜಾಲಗಳು ಮುಚ್ಚಿದಾಗ ಸೆಟ್‌ಗಳೂ ಮೂಲೆ ಸೇರಿದವು.

ಲ್ಯಾಂಡ್‌ಲೈನಿಗೆ ನಿಜವಾದ ಪೆಟ್ಟು ಕೊಟ್ಟದ್ದು ಮೊಬೈಲ್. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ಕರೆ ದೇಶದ ಮೊದಲ ಮೊಬೈಲ್ ಕರೆ. ಆಗ ಬಂದ ಕರೆಗೂ ದುಡ್ಡು ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾದ ಮೇಲೆ ಲೆಕ್ಕಾಚಾರವೇ ತಿರುಗಿತು. 2006ರ ಸುಮಾರಿಗೆ ನಾಲ್ಕು ಕೋಟಿಯಷ್ಟಿದ್ದ ತಂತಿ ಸಂಪರ್ಕಗಳು 2020ಕ್ಕೆ ಎರಡು ಕೋಟಿಯ ಆಸುಪಾಸಿಗೆ ಇಳಿದವು. ಆದರೆ ಮೊಬೈಲ್ ಇರುವುದು ವ್ಯಕ್ತಿಗೆ, ಮನೆಗಲ್ಲ. ಅಜ್ಜಿಯ ಹ್ಯಾಂಡ್‌ಸೆಟ್ ಚಾರ್ಜ್ ಇಲ್ಲದೆ ಬಿದ್ದಿದ್ದರೆ ಮನೆಗೆ ಕರೆ ಮಾಡಿದಂತಾಗುವುದಿಲ್ಲ.

ವಾಟ್ಸಾಪ್‌ನಂಥ ಆ್ಯಪ್‌ಗಳು ವಿದೇಶದಲ್ಲಿರುವ ಮಕ್ಕಳ ಜೊತೆಗಿನ ಮಾತನ್ನು ಹೆಚ್ಚುಕಡಿಮೆ ಬಿಟ್ಟಿಯಾಗಿಸಿದವು. ಎರಡೂ ಕಡೆ ಅದೇ ಆ್ಯಪ್ ಇರಬೇಕು, ತುರ್ತು ಸಂಖ್ಯೆ 112ಕ್ಕೆ ಅದರಿಂದ ಕರೆ ಹೋಗದು. ಆದ್ದರಿಂದ ಅದು ಮನೆಯ ಫೋನಿಗೆ ಪೂರಕವೇ ಹೊರತು ಬದಲಿಯಲ್ಲ.

ಬದಲಿ ಎನ್ನಬಹುದಾದದ್ದು ಫೈಬರ್ ಫೋನ್. 2019ರಲ್ಲಿ ಜಿಯೋಫೈಬರ್ ಬಂದ ಮೇಲೆ ಬ್ರಾಡ್‌ಬ್ಯಾಂಡಿನ ಜೊತೆ ಫೋನ್ ನಂಬರು ಸಿಗುವುದು ಮಾಮೂಲಾಯಿತು; 2024ರ ಹೊತ್ತಿಗೆ ತಂತಿ ಸಂಪರ್ಕಗಳ ಸಂಖ್ಯೆ ಮತ್ತೆ ಮೂರು ಕೋಟಿ ದಾಟಿತು. ಫೈಬರ್ ಬಂದು ಸೇರುವ, ಗೋಡೆಯ ಮೇಲಿನ ಓಎನ್‌ಟಿ ಎಂಬ ಪೆಟ್ಟಿಗೆಯ ಹಿಂಬದಿಯಲ್ಲಿ ಇಂಟರ್‌ನೆಟ್ ಕಿಂಡಿಗಳ ಪಕ್ಕ ಅವುಗಳಿಗಿಂತ ಕಿರಿದಾದ ಒಂದು ಕಿಂಡಿ ಇರುತ್ತದೆ. ಹಳೆಯ ಫೋನಿನ ಪಿನ್ನು ಅಲ್ಲಿ ಸಲೀಸಾಗಿ ಕೂರುತ್ತದೆ, ಪೆಟ್ಟಿಗೆ ಮಾತನ್ನು ಡೇಟಾ ಪ್ಯಾಕೆಟ್‌ಗಳಾಗಿ ಕಳಿಸುತ್ತದೆ. ಗುಂಡಿ ಒತ್ತುವ ಫೋನಿಗೆ ತೊಂದರೆಯಿಲ್ಲ. ತಿರುಗಿಸುವ ಡಯಲಿನ ಫೋನ್‌ಗಳಿಂದ ಹೊರಗೆ ಕರೆ ಮಾಡಲು ಮಾತ್ರ ಅನೇಕ ಪೆಟ್ಟಿಗೆಗಳು ಒಪ್ಪುವುದಿಲ್ಲ. ಇದೇ ಫೈಬರಿನ ವೈಫೈ ಮೂಲಕ ಮೊಬೈಲಿನ ಸಾಮಾನ್ಯ ಕರೆಗಳನ್ನೂ ಮಾಡಬಹುದು. ಸಿಗ್ನಲ್ ಸಿಗದ ತೋಟದ ಮನೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಕೊರತೆ ಒಂದೇ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ಕರೆಂಟ್ ಹರಿಯುವುದಿಲ್ಲ. ಮನೆಯ ವಿದ್ಯುತ್ ಹೋದರೆ ಫೋನೂ ಹೋಯಿತು. ಬ್ರಿಟನ್ ತಾಮ್ರದ ಫೋನ್ ಜಾಲ ಮುಚ್ಚಲು ಹೊರಟಾಗಲೂ, ಒಂಟಿ ವೃದ್ಧರು ಆಪತ್ತಿನಲ್ಲಿ ಒತ್ತುವ ಎಚ್ಚರಿಕೆ ಗುಂಡಿಗಳ ಗತಿಯೇನು ಎಂಬ ಆತಂಕ ಎದ್ದಿತು. 2025ರ ಕೊನೆಗೆಂದಿದ್ದ ಗಡುವು 2027ರ ಜನವರಿಗೆ ಹೋಯಿತು. ಇಲ್ಲಿ ಪರಿಹಾರ ಅಷ್ಟು ದುಬಾರಿಯದಲ್ಲ. ಓಎನ್‌ಟಿಗೆ ಬೇಕಿರುವುದು ಸಾಮಾನ್ಯವಾಗಿ 12 ವೋಲ್ಟ್ ಮಾತ್ರ. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಅದನ್ನು ಕೆಲವು ಗಂಟೆ ನಡೆಸುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಫೈಬರ್ ಫೋನ್ ಹಾಕಿಸುವವರು ಅದನ್ನೂ ಜೊತೆಗೇ ತರುವುದು ಒಳಿತು.